ಬಣ್ಣದ ಮನೆಯ ಹೊಸ್ತಿಲು

ನೀಲಿ ಯಜಮಾನರ ಕೈ ಕಂಡರೆ ಹೊಸಬರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಬೆರಳ ತುದಿಯಿಂದ ಮೊಣಕೈ ದಾಟುವವರೆಗೆ ನೀಲಿ, ಉಗುರಿನ ಬುಡದಲ್ಲಂತೂ ಕಪ್ಪು ಅನ್ನುವಷ್ಟು ನೀಲಿ. ಸೋಪು, ಸೀಮೆಎಣ್ಣೆ, ಒರಟು ಕಲ್ಲು ಯಾವುದಕ್ಕೂ ಜಗ್ಗದ ಬಣ್ಣ. ಅವರ ನಿಜವಾದ ಹೆಸರು ಬ್ಯಾಂಕಿನವರಿಗೆ ಬಿಟ್ಟರೆ ಬೇರೆ ಯಾರಿಗೂ ಬೇಕಾಗಿರಲಿಲ್ಲ. ಮಗ್ಗದವರು ಬಿಳಿ ನೂಲಿನ ಲಡಿಗಳನ್ನು ತಂದು ಅವರ ಬಾಗಿಲಲ್ಲಿ ಇಳಿಸುತ್ತಿದ್ದರು, ಬಣ್ಣ ಏರಿದ ಮೇಲೆ ಬಂದು ಒಯ್ಯುತ್ತಿದ್ದರು. ಮೂರು ತಲೆಮಾರಿನಿಂದ ನಡೆದು ಬಂದ ಕಸುಬು.

ಮನೆಯ ಹಿಂದೆ ಅಂಗಳ, ಅಂಗಳದಾಚೆ ಬಣ್ಣದ ಮನೆ. ಒಳಗೆ ನೆಲಕ್ಕೆ ಹುಗಿದ ನಾಲ್ಕು ತೊಟ್ಟಿ, ಮೇಲೆ ಮರದ ಮುಚ್ಚಳ. ನೀಲಿ, ಸುಣ್ಣ, ತವುಡು ಕೂಡಿ ಹುದುಗಿದ ವಾಸನೆಗೆ ಅಭ್ಯಾಸವಿಲ್ಲದವರ ಹೊಟ್ಟೆ ತೊಳಸಿ ಬರುತ್ತಿತ್ತು. ಯಜಮಾನರಿಗೆ ಮಾತ್ರ ಅದು ಅನ್ನದ ವಾಸನೆ. ಮುಚ್ಚಳ ಸರಿಸಿ ಒಮ್ಮೆ ಮೂಸಿದರೆ ಸಾಕು, ತೊಟ್ಟಿ ಹದಕ್ಕೆ ಬಂದಿದೆಯೋ ಇಲ್ಲವೋ ಹೇಳುತ್ತಿದ್ದರು. ನೀಲಿ ತೊಟ್ಟಿಯ ನೀರು ನೀಲಿಯಾಗಿರುವುದಿಲ್ಲ, ಹಳದಿ ಬೆರೆತ ಹಸಿರಾಗಿರುತ್ತದೆ. ಅದ್ದಿದ ನೂಲೂ ಹಸಿರಾಗಿಯೇ ಮೇಲೆ ಬರುತ್ತದೆ. ಗಾಳಿಗೆ ಹಿಡಿದಾಗ ನೋಡುತ್ತ ನೋಡುತ್ತ ನೀಲಿಗೆ ತಿರುಗುತ್ತದೆ. ಅದನ್ನು ಮೊದಲ ಸಲ ನೋಡಿದ ಯಾವ ಮಗುವೂ ಅಲ್ಲಿಂದ ಸುಲಭವಾಗಿ ಏಳುವುದಿಲ್ಲ.

ಆದರೆ ಆ ಮನೆಯ ಹೆಣ್ಣುಮಕ್ಕಳು ಅದನ್ನು ನೋಡುವ ಹಾಗಿರಲಿಲ್ಲ. ಹೆಣ್ಣುಮಕ್ಕಳು ಬಣ್ಣದ ಮನೆಯ ಹೊಸ್ತಿಲು ತುಳಿಯಬಾರದು ಎಂದು ಯಜಮಾನರು ಕಟ್ಟಪ್ಪಣೆ ಮಾಡಿದ್ದರು. ಬೀದಿಯವರು ಕೇಳಿದರೆ, "ಓದೋ ಹುಡುಗೀರು, ಕೈ ಯಾಕೆ ಬಣ್ಣ ಮಾಡ್ಕೋಬೇಕು" ಎನ್ನುತ್ತಿದ್ದರು. ಅದು ಬೀದಿಗೆ ಹೇಳುವ ಕಾರಣ. ಮನೆಯೊಳಗಿನ ಕಾರಣವೇ ಬೇರೆ.

ಯಜಮಾನರ ತಾಯಿ ಆ ತೊಟ್ಟಿಗಳ ಮುಂದೆಯೇ ಬದುಕು ತೇಯ್ದವರು. ತಲೆಗೂದಲು ನೆರೆಯುವ ಮೊದಲೇ ಹೊಟ್ಟೆ ಊದಿಕೊಂಡು ತೀರಿಹೋದರು. ಆಮೇಲೆ ತೊಟ್ಟಿ ಹಿಡಿದವಳು ಅಕ್ಕ. ಅವಳ ಎದೆಯಲ್ಲಿ ಗಂಟಾಯಿತು. ನಾಚಿಕೆಗೆ ಯಾರಿಗೂ ಹೇಳದೆ ಮುಚ್ಚಿಟ್ಟಳು. ಹುಣ್ಣಾಗಿ ವಾಸನೆ ಬಂದಾಗಲೇ ಮನೆಯವರಿಗೆ ಗೊತ್ತಾದದ್ದು. ಮೀಸೆ ಚಿಗುರುತ್ತಿದ್ದ ಯಜಮಾನರು ಅಕ್ಕನಿಗೆ ನೀರು ಕುಡಿಸುತ್ತ ಪಕ್ಕದಲ್ಲೇ ಕೂತಿದ್ದರು. ಆಗಲೇ ಅವರ ತಲೆಯಲ್ಲಿ ಒಂದು ಲೆಕ್ಕ ಕೂತುಬಿಟ್ಟಿತು. ಅಜ್ಜನಿಗೆ, ಅಪ್ಪನಿಗೆ, ತನಗೆ ಏನೂ ಆಗಿಲ್ಲ, ಅಮ್ಮನಿಗೆ ಮತ್ತು ಅಕ್ಕನಿಗೆ ಆಯಿತು. ಈ ಬಣ್ಣ ಗಂಡಿನ ಮೈಗೆ ಒಗ್ಗುತ್ತದೆ, ಹೆಣ್ಣಿನ ಮೈಯನ್ನು ತಿನ್ನುತ್ತದೆ. ಬೇರೆ ಅರ್ಥ ಹೇಳಿಕೊಡುವವರು ಯಾರೂ ಇರಲಿಲ್ಲ.

ಉಳಿದಿದ್ದ ತಂಗಿಯನ್ನು ಅಂದೇ ಬಣ್ಣದ ಮನೆಯಿಂದ ಹೊರಗಿಟ್ಟರು, ದೂರದ ಊರಿಗೆ ಮದುವೆ ಮಾಡಿ ಕಳಿಸಿದರು. ಅಲ್ಲಿ ತೊಟ್ಟಿಯಿಲ್ಲ, ನೀಲಿಯಿಲ್ಲ. ಆದರೂ ಅವಳ ಎದೆಯಲ್ಲೂ ಅದೇ ಗಂಟು ಬಂತು. ಆಗಲಾದರೂ ಯಜಮಾನರು ತಮ್ಮ ಲೆಕ್ಕವನ್ನು ಒಡೆದು ನೋಡಬೇಕಿತ್ತು. ನೋಡಲಿಲ್ಲ. ಕೂಸಾಗಿದ್ದಾಗ ಅಮ್ಮ ಅವಳನ್ನು ಬಣ್ಣದ ಮನೆಯ ಮೂಲೆಯಲ್ಲೇ ತೊಟ್ಟಿಲು ಕಟ್ಟಿ ಮಲಗಿಸುತ್ತಿದ್ದಳಲ್ಲ, ಆಗಲೇ ಗಾಳಿಯಲ್ಲಿ ಮೈಗೆ ಹೊಕ್ಕಿದೆ ಎಂದರು. ನಂಬಿದ್ದನ್ನು ಕಾಪಾಡಿಕೊಳ್ಳಲು ಮನುಷ್ಯ ತೊಟ್ಟಿಲವರೆಗೂ ಹುಡುಕಿಕೊಂಡು ಹೋಗುತ್ತಾನೆ. ತಂಗಿಯ ಹೆಣದ ಮುಂದೆ ನಿಂತು ಅವರು ಇನ್ನೂ ಬಿಗಿಯಾಗಿ ತೀರ್ಮಾನಿಸಿಕೊಂಡರು: ತನಗೆ ಹೆಣ್ಣುಮಕ್ಕಳಾದರೆ ಗಾಳಿಯೂ ತಾಗಬಾರದು.

ಇಬ್ಬರೂ ಹೆಣ್ಣುಮಕ್ಕಳೇ ಆದರು.

ತೊಟ್ಟಿಯ ಕೆಲಸಕ್ಕೆ ಇನ್ನೊಂದು ಜೊತೆ ಕೈ ಬೇಕೇ ಬೇಕು. ಗಂಡಾಳುಗಳು ಬಂದರು, ವಾಸನೆಗೆ ಮೂಗು ಮುಚ್ಚಿಕೊಂಡು ಹೋದರು. ಕೊನೆಗೆ ನಿಂತವಳು ಗಂಡ ಸತ್ತ, ಹಿಂದೆಮುಂದೆ ಯಾರೂ ಇಲ್ಲದ ಒಬ್ಬ ಹೆಂಗಸು. ಸದಾ ಕೈಯಲ್ಲಿ ಲಡಿ ಹಿಂಡುವ ಕೋಲು ಹಿಡಿದಿರುತ್ತಿದ್ದುದರಿಂದ ಅವಳು ಕೋಲಮ್ಮ ಆದಳು. ಅವಳನ್ನು ಒಳಗೆ ಕರೆದುಕೊಂಡ ದಿನ ಯಜಮಾನರಿಗೆ ತಾನೇನು ಮಾಡುತ್ತಿದ್ದೇನೆ ಎಂಬುದು ಚೆನ್ನಾಗಿ ಗೊತ್ತಿತ್ತು. ತನ್ನ ಮಕ್ಕಳ ಜಾಗದಲ್ಲಿ ಇನ್ನೊಬ್ಬರ ಮಗಳನ್ನು ನಿಲ್ಲಿಸುತ್ತಿದ್ದೇನೆ. ಆ ಮುಳ್ಳು ಎದೆಯಲ್ಲಿ ಮುರಿದು ಅಲ್ಲೇ ಉಳಿಯಿತು. ಅದಕ್ಕೆ ಆಗಾಗ ಕೇಳುತ್ತಿದ್ದರು:

"ಕೋಲಮ್ಮ, ಮೈ ಹುಷಾರಿದೆಯಾ? ಎಲ್ಲಾದ್ರೂ ನೋವು, ಗಂಟು?"

"ನಂಗೇನಾಗಿದೆ ಯಜಮಾನ್ರೆ, ಕಲ್ಲುಗುಂಡು ಇದ್ದ ಹಾಗಿದೀನಿ" ಎಂದು ಅವಳು ನಗುತ್ತಿದ್ದಳು. ವರ್ಷಕ್ಕೊಮ್ಮೆ ಬಲವಂತ ಮಾಡಿ ಡಾಕ್ಟರ ಹತ್ತಿರ ಕಳಿಸುತ್ತಿದ್ದರು. ಬೀದಿಗೆ ಇಷ್ಟು ಸಾಕಾಗಿತ್ತು. ಯಜಮಾನರಿಗೆ ಕೋಲಮ್ಮನ ಮೇಲೆ ಕಣ್ಣು ಎಂದು ಹಬ್ಬಿಸಿದರು. ಯಜಮಾನರ ಹೆಂಡತಿ ಅದನ್ನು ಕೇಳಿ ಬಿದ್ದು ಬಿದ್ದು ನಕ್ಕಳು. "ಇವರ ಕಣ್ಣು ತೊಟ್ಟಿ ಬಿಟ್ಟು ಬೇರೆ ಕಡೆ ಹೋಗೋ ಹಾಗಿದ್ರೆ ನಾನೇ ಮೊದ್ಲು ನೋಡ್ತಿದ್ದೆ" ಎಂದಳು.

ಇಬ್ಬರು ಮಕ್ಕಳಲ್ಲಿ ದೊಡ್ಡವಳಿಗೆ ಬಣ್ಣದ ಹುಚ್ಚು. ಲಂಗದ ನೆರಿಗೆಯಲ್ಲಿ ಬಿಳಿ ದಾರ ಬಚ್ಚಿಟ್ಟುಕೊಂಡು, ಅಪ್ಪ ಮಧ್ಯಾಹ್ನ ಮಲಗಿದಾಗ ಬಣ್ಣದ ಮನೆಗೆ ನುಗ್ಗುತ್ತಿದ್ದಳು. ಕೋಲಮ್ಮ ಕಂಡೂ ಕಾಣದ ಹಾಗೆ ಇರುತ್ತಿದ್ದಳು. ಒಂದು ದಿನ ಊಟಕ್ಕೆ ಕೂತಾಗ ಹುಡುಗಿ ಕೈಯನ್ನು ಬೆನ್ನ ಹಿಂದಿನಿಂದ ತೆಗೆಯಲೇ ಇಲ್ಲ. ಎಳೆದು ನೋಡಿದರೆ ಮಣಿಕಟ್ಟಿನವರೆಗೆ ನೀಲಿ. ಯಜಮಾನರು ಮಗಳಿಗೆ ಕೈ ಎತ್ತಿದ್ದು ಆವತ್ತು ಮಾತ್ರ. ಹೊಡೆದವರೇ ಆಮೇಲೆ ಅಂಗಳದಲ್ಲಿ ಕೂತು ಅತ್ತರು. ಒಂದು ಲಡಿ ಇನ್ನೊಂದಕ್ಕಿಂತ ಒಂದು ಅದ್ದು ಹೆಚ್ಚು ಎಂಬುದನ್ನು ಅವಳು ಕಿಟಕಿಯಿಂದಲೇ ಹೇಳಬಲ್ಲಳು ಎಂಬುದು ಅವರಿಗೆ ಗೊತ್ತಿತ್ತು. ಅಂಥ ಕಣ್ಣು ಇಟ್ಟುಕೊಂಡವಳು ಓದಿ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಮುದ್ರೆ ಒತ್ತುವವಳಾದಳು.

ಚಿಕ್ಕವಳು ಅಪ್ಪನ ಮಾತಿನ ಗೆರೆ ದಾಟದವಳು. ಹೊಸ್ತಿಲಾಚೆ ಕೂತು ಒಳಗೆ ಅಕ್ಕ ಮಾಡುವ ಕಳ್ಳತನಕ್ಕೆ ಕಾವಲು ಕಾಯುತ್ತಿದ್ದಳೇ ಹೊರತು, ಒಳಗೆ ಬೆರಳನ್ನೂ ಇಡಲಿಲ್ಲ. ದೊಡ್ಡವಳಾಗಿ ಶಾಲೆಯಲ್ಲಿ ವ್ಯಾಯಾಮದ ಮೇಡಂ ಆದಳು. ಕೊರಳಲ್ಲಿ ಸೀಟಿ, ಕಾಲಲ್ಲಿ ಓಟದ ಬೂಟು. ಮದುವೆಯಾಗಿ ಪಕ್ಕದ ಬೀದಿಯಲ್ಲೇ ಮನೆ ಮಾಡಿದಳು, ಅವಳಿಗೆ ಒಬ್ಬಳೇ ಮಗಳು.

ದೊಡ್ಡವಳು ನಲವತ್ತಕ್ಕೆ ಕಾಲಿಡುವ ಮೊದಲೇ ಎದೆಯಲ್ಲಿ ಗಂಟು ಕಂಡಳು. ಸೋದರತ್ತೆಯ ಹಾಗೆ ಮುಚ್ಚಿಡಲಿಲ್ಲ, ಮಾರನೆಯ ದಿನವೇ ಆಸ್ಪತ್ರೆಗೆ ಹೋದಳು. ಕ್ಯಾನ್ಸರ್ ಎಂದರು. ಯಜಮಾನರ ಬಾಯಿಂದ ಬಂದ ಮೊದಲ ಮಾತು, "ಆವತ್ತೇ ಬಡ್ಕೊಂಡೆ, ತೊಟ್ಟಿಗೆ ಕೈ ಹಾಕ್ಬೇಡ ಅಂತ."

ಕಾಯಿಲೆ ಬಿದ್ದ ಮಗಳಿಗೆ ಆಡುವ ಮಾತೇ ಅದು? ಆದರೆ ಆಡಿಬಿಟ್ಟರು. ದೊಡ್ಡವಳು ಗೋಡೆಯ ಕಡೆ ತಿರುಗಿದಳು.

ಆಪರೇಷನ್ ಆಯಿತು, ಔಷಧಿಗಳಾದವು, ತಲೆಗೂದಲು ಉದುರಿ ಮತ್ತೆ ಚಿಗುರಿತು. ಆಗ ಡಾಕ್ಟರಮ್ಮ ಮನೆಯವರನ್ನೆಲ್ಲ ಕರೆಸಿಕೊಂಡರು. ಇಷ್ಟು ಚಿಕ್ಕ ವಯಸ್ಸಿನಲ್ಲಿ ಬಂದಿದೆಯಲ್ಲ, ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂದರು. ಹೆಂಡತಿ ತನ್ನ ತವರಿನ ಕಡೆಯವರನ್ನೆಲ್ಲ ಒಬ್ಬೊಬ್ಬರಾಗಿ ಹೇಳಿದಳು. ಎಲ್ಲರೂ ಹಲ್ಲುದುರಿ, ಬೆನ್ನು ಬಾಗಿ, ಸೊಸೆಯರಿಂದ ಬೈಸಿಕೊಳ್ಳುವಷ್ಟು ಕಾಲ ಬದುಕಿದವರೇ.

"ತಂದೆ ಕಡೆ?"

"ಅದು ಬಿಡಿ, ಬಣ್ಣದಿಂದ ಬಂದಿದ್ದು" ಎಂದರು ಯಜಮಾನರು. ಬಿಡಿ ಎಂದರೂ ಡಾಕ್ಟರಮ್ಮ ಬಿಡಲಿಲ್ಲ. ಅಮ್ಮ, ಅಕ್ಕ, ತಂಗಿ ಮೂವರ ಕಥೆಯನ್ನೂ ಬಿಡಿಸಿ ಬಿಡಿಸಿ ಕೇಳಿದರು. ಕೆಲವು ರಾಸಾಯನಿಕ ಬಣ್ಣಗಳಿಂದ ತೊಂದರೆ ಇರುವುದು ನಿಜ, ಕೈಗೆ ಗ್ಲೌಸು ಹಾಕಿಕೊಳ್ಳಬೇಕು ಎಂದರು. ಆಮೇಲೆ ಎರಡೇ ಪ್ರಶ್ನೆ ಕೇಳಿದರು.

"ತೊಟ್ಟಿ ಮುಟ್ಟದೇ ಇದ್ದವರಿಗೆ ಬಂದಿದೆಯಾ?"

ತಂಗಿ, ಎಂದುಕೊಂಡರು ಯಜಮಾನರು. ತೊಟ್ಟಿಲಿನ ಮಾತು ನಾಲಿಗೆಯ ತುದಿಗೆ ಬಂದದ್ದು ಯಾಕೋ ಹೊರಗೆ ಬರಲಿಲ್ಲ.

"ತೊಟ್ಟಿಯಲ್ಲೇ ಇದ್ದೂ ಬರದವರು ಇದ್ದಾರಾ?"

ಕೋಲಮ್ಮ. ಹಲ್ಲು ಬಿದ್ದಿಲ್ಲ, ಬೆನ್ನು ಬಾಗಿಲ್ಲ, ಒದ್ದೆ ಲಡಿಯ ಗಂಟನ್ನು ಈಗಲೂ ಒಂದೇ ಕೈಯಲ್ಲಿ ಎತ್ತುತ್ತಾಳೆ.

ದೊಡ್ಡವಳ ರಕ್ತ ಪರೀಕ್ಷೆಗೆ ಹೋಯಿತು. ಫಲಿತಾಂಶ ಬಂದಾಗ ಡಾಕ್ಟರಮ್ಮ ಸಾವಕಾಶವಾಗಿ ಹೇಳಿದರು. ಮೈಯನ್ನು ಕಟ್ಟುವ, ಕಾಯುವ ಸೂಚನೆಗಳೆಲ್ಲ ಜೀನ್‌ಗಳಲ್ಲಿ ಇರುತ್ತವೆ. ಒಂದೊಂದೂ ಎರಡೆರಡು, ಒಂದು ತಾಯಿಯದು, ಒಂದು ತಂದೆಯದು. ಕೆಟ್ಟುಹೋದ ಜೀವಕೋಶಗಳನ್ನು ಸರಿಮಾಡುವ ಕೆಲಸದ ಒಂದು ಜೀನ್ ದೊಡ್ಡವಳಲ್ಲಿ ಹುಟ್ಟಿನಿಂದಲೇ ಕೆಟ್ಟಿದೆ. ಅದಿದ್ದವರಿಗೆಲ್ಲ ಕಾಯಿಲೆ ಬಂದೇ ಬರುತ್ತದೆ ಎಂದಲ್ಲ, ಆದರೆ ಎದೆಯಲ್ಲಿ, ಅಂಡಾಶಯದಲ್ಲಿ ಬರುವ ಸಾಧ್ಯತೆ ಉಳಿದವರಿಗಿಂತ ಬಹಳ ಹೆಚ್ಚು.

"ಎದೆ ಕಾಯಿಲೆ ಗಂಡಸಿನಿಂದ ಹೇಗೆ ಬರುತ್ತೆ ಡಾಕ್ಟರಮ್ಮ?" ಎಂದರು ಯಜಮಾನರು. "ನಂಗೇನೂ ಆಗಿಲ್ಲವಲ್ಲ."

"ಎಷ್ಟೋ ಗಂಡಸರಿಗೆ ಏನೂ ಆಗಲ್ಲ. ಕೆಲವರಿಗೆ ಆಗುತ್ತೆ, ಅದಕ್ಕೇ ನಿಮ್ಮನ್ನೂ ಪರೀಕ್ಷೆ ಮಾಡ್ಬೇಕು ಅಂತಿರೋದು. ಆದ್ರೆ ಮಕ್ಕಳಿಗೆ ದಾಟಿಸೋದ್ರಲ್ಲಿ ಗಂಡು ಹೆಣ್ಣು ಭೇದ ಇಲ್ಲ. ಯಾರಲ್ಲಿದ್ರೂ ಪ್ರತಿ ಮಗುವಿಗೂ ಅರ್ಧಕ್ಕರ್ಧ, ನಾಣ್ಯ ಚಿಮ್ಮಿದ ಹಾಗೆ."

ಯಜಮಾನರು ಕೈ ಮುಂದೆ ಚಾಚಲಿಲ್ಲ. ಚಾಚಿದವಳು ಹೆಂಡತಿ. "ನಂದೇ ಇದ್ದರೂ ಇರಬಹುದು, ಮೊದ್ಲು ನಂದು ನೋಡಿ" ಎಂದು ಪಟ್ಟು ಹಿಡಿದಳು. ಅವಳ ರಕ್ತದಲ್ಲಿ ಏನೂ ಇರಲಿಲ್ಲ. ಮನೆಗೆ ಬಂದು ಅಡಿಗೆಮನೆಯ ಕಟ್ಟೆಗೆ ಒರಗಿ ಅತ್ತಳು. "ನಂದಾಗಿದ್ರೆ ಚೆನ್ನಾಗಿತ್ತು ರೀ. ನಿಮಗೆ ಇದನ್ನ ಹೊರೋಕಾಗಲ್ಲ" ಎಂದಳು. ತನ್ನಿಂದಲೇ ಬಂದದ್ದು ಎಂದು ತಿಳಿಯಲು ಯಜಮಾನರಿಗೆ ಇನ್ನು ಯಾವ ಪರೀಕ್ಷೆಯೂ ಬೇಕಾಗಿರಲಿಲ್ಲ.

ಈಗ ಉಳಿದದ್ದು ಚಿಕ್ಕವಳು. ಡಾಕ್ಟರಮ್ಮ ಅವಳನ್ನು ಬೇರೆಯಾಗಿ ಕರೆದಾಗ ಯಜಮಾನರೂ ಜೊತೆಗೆ ಹೋದರು. ಅವಳು ಶಾಲೆಯಿಂದ ನೇರವಾಗಿ ಬಂದಿದ್ದಳು, ಬೂಟಿಗೆ ಮೈದಾನದ ಕೆಂಪು ಮಣ್ಣು ಮೆತ್ತಿತ್ತು. ಅಕ್ಕನಲ್ಲಿರುವ ಜೀನ್ ಅವಳಲ್ಲೂ ಇರಬಹುದು ಎಂದು ಡಾಕ್ಟರಮ್ಮ ಹೇಳಿದ್ದೆಲ್ಲ ಕೇಳಿಸಿಕೊಂಡು ತಲೆ ಕೊಡವಿದಳು.

"ಅಕ್ಕ ಚಿಕ್ಕವಳಿದ್ದಾಗ ಕದ್ದು ತೊಟ್ಟಿಗೆ ಕೈ ಹಾಕ್ತಿದ್ಲು. ನಾನು ಒಂದಿನಾನೂ ಒಳಗೆ ಹೋದವಳಲ್ಲ. ನಂಗ್ಯಾಕೆ ಬರುತ್ತೆ? ನಂಗೆ ಪರೀಕ್ಷೆ ಬೇಡ." ಆಮೇಲೆ ಅಪ್ಪನ ಕಡೆ ತಿರುಗಿದಳು. "ಅಲ್ವೇನಪ್ಪ?"

ಯಜಮಾನರು ಹೂಂ ಎನ್ನುವ ಹಾಗೆ ತಲೆ ಆಡಿಸಿದರು.

ಹೌದು, ಆಡಿಸಿದರು. ಹೆಂಡತಿಯ ಫಲಿತಾಂಶ ಜೇಬಿನಲ್ಲಿ ಇಟ್ಟುಕೊಂಡೇ ಆಡಿಸಿದರು. ಮಗಳು ಅಪ್ಪನನ್ನು ನಂಬಿ ಕೇಳಿದ್ದಳು. ಅಲ್ಲ ಎಂದರೆ, ಹಾಗಾದರೆ ಯಾರಿಂದ ಎಂದು ಕೇಳುತ್ತಾಳೆ. ಆ ಪ್ರಶ್ನೆಗೆ ಹೆದರಿ ಹೂಂ ಎಂದುಬಿಟ್ಟರು. ಡಾಕ್ಟರಮ್ಮ ಅವರನ್ನೇ ನೋಡಿದರು. ಪರೀಕ್ಷೆ ಮಾಡಿಸುವುದು ಬಿಡುವುದು ಅವಳ ಇಷ್ಟ, ಯಾರೂ ಬಲವಂತ ಮಾಡುವ ಹಾಗಿಲ್ಲ, ಆದರೆ ತೀರ್ಮಾನ ಸರಿಯಾದ ವಿಷಯ ತಿಳಿದು ಆಗಬೇಕು ಎಂದಷ್ಟೇ ಹೇಳಿದರು.

ಅಂದಿನಿಂದ ಯಜಮಾನರಿಗೆ ಅನ್ನ ಸೇರಲಿಲ್ಲ. ಬೆಳಗ್ಗೆ ಚಿಕ್ಕವಳು ಮನೆ ಮುಂದೆ ಓಡುತ್ತ ಹೋಗುವಾಗ, "ಅಪ್ಪಾ, ಕಾಫಿ ಆಯ್ತಾ?" ಎಂದು ಕೂಗುತ್ತಿದ್ದಳು. ಅವಳ ಒಳಗೆ ಅದು ಇದೆಯೋ ಇಲ್ಲವೋ, ಇದ್ದರೆ ಈಗಲೇ ಎಲ್ಲಾದರೂ ಬೇರು ಬಿಡುತ್ತಿದೆಯೋ ಏನೋ. ಅವಳು ತಿರುವಿನಲ್ಲಿ ಮರೆಯಾಗುವವರೆಗೂ ನಿಂತು ನೋಡುತ್ತಿದ್ದರು. ದೊಡ್ಡವಳು ಒಂದು ಸಂಜೆ ಬಂದು ಪಕ್ಕದಲ್ಲಿ ಕೂತಳು.

"ಅಪ್ಪಾ, ನಂಗೆ ಹೊಡೆದಿದ್ದು ಹೋಗ್ಲಿ, ಆಸ್ಪತ್ರೇಲಿ ಅಂದಿದ್ದೂ ಹೋಗ್ಲಿ. ಅವಳಿಗೆ ಹೇಳು. ನಾನು ಹೇಳಿದ್ರೆ, ತನಗೆ ಬಂತು ಅಂತ ಎಲ್ಲರಿಗೂ ಬರ್ಲಿ ಅಂತಾಳೆ ಅಂದ್ಕೋತಾಳೆ. ನಿನ್ನ ಮಾತು ಅಂದ್ರೆ ಅವಳಿಗೆ ಕಲ್ಲಲ್ಲಿ ಕೆತ್ತಿದ ಹಾಗೆ. ನೀನೇ ಅಳಿಸ್ಬೇಕು."

"ಹೇಳ್ತೀನಿ" ಎಂದರು. ಹೇಳಲಿಲ್ಲ. ಅದರ ಬದಲು, ಮನುಷ್ಯ ಕಷ್ಟದ ಕೆಲಸ ಬಿಟ್ಟು ಸುಲಭದ ಕೆಲಸಕ್ಕೆ ಕೈಹಾಕುವ ಹಾಗೆ, ಕೋಲಮ್ಮನ ಹತ್ತಿರ ಹೋದರು.

ಕೋಲಮ್ಮ ಹಿಂಡುವ ಗೂಟಕ್ಕೆ ಲಡಿ ಸಿಕ್ಕಿಸಿ ಕೋಲು ತಿರುಗಿಸುತ್ತಿದ್ದಳು. ಹಸಿರು ನೀರು ತೊಟ್ಟಿಗೆ ಇಳಿಯುತ್ತಿತ್ತು.

"ಕೋಲಮ್ಮ, ಒಂದು ಮಾತು."

"ಹೇಳಿ ಯಜಮಾನ್ರೆ. ಕೈ ಬಿಡೋ ಹಾಗಿಲ್ಲ, ಕಿವಿ ಕೊಡ್ತೀನಿ."

ಹೇಳಿದರು. ಅಮ್ಮ, ಅಕ್ಕ, ತಂಗಿ ಸತ್ತದ್ದು ಬಣ್ಣದಿಂದ ಎಂದು ನಂಬಿದ್ದು, ಅದಕ್ಕೇ ಮಕ್ಕಳನ್ನು ಹೊರಗಿಟ್ಟದ್ದು, ಈಗ ಡಾಕ್ಟರಮ್ಮ ಅದು ಬಣ್ಣದಿಂದ ಅಲ್ಲ, ರಕ್ತದಲ್ಲೇ ಮಕ್ಕಳಿಗೆ ಇಳಿದು ಬರುವುದು ಎಂದದ್ದು. ಒಳ್ಳೆಯ ಸುದ್ದಿ ಕೊಡುವವರ ಹಾಗೆ ಹೇಳಿ ಮುಗಿಸಿದರು. "ನಿಂಗೇನೂ ಭಯ ಇಲ್ಲ ಇನ್ನು. ನನ್ನ ಕ್ಷಮಿಸ್ಬಿಡು."

ಕೋಲು ನಿಂತಿತು.

"ಅಂದ್ರೆ, ಇದು ಹೆಂಗಸರನ್ನ ಕೊಲ್ಲುತ್ತೆ ಅಂತ ನೀವು ನಂಬಿದ್ರಿ."

"ಹೂಂ."

"ನಂಬ್ಕೊಂಡೇ ನಿಮ್ಮ ಮಕ್ಕಳನ್ನ ಹೊಸ್ತಿಲಾಚೆ ನಿಲ್ಸಿದ್ರಿ, ನನ್ನ ಒಳಗೆ ಕರ್ಕೊಂಡ್ರಿ."

ಕೋಲಮ್ಮ ಅವರನ್ನು ನೋಡುತ್ತಿರಲಿಲ್ಲ, ಗೂಟದಲ್ಲಿದ್ದ ಲಡಿಯನ್ನು ನೋಡುತ್ತಿದ್ದಳು.

"ಮೈ ಹುಷಾರಿದೆಯಾ ಅಂತ ಕೇಳ್ತಿದ್ರಲ್ಲ. ಅದಕ್ಕಾ?"

"ಹೂಂ."

"ನಾನೊಬ್ಳು ಹುಚ್ಚಿ. ಈ ಲೋಕದಲ್ಲಿ ಒಬ್ರಾದ್ರೂ ನನ್ನ ಮೈ ಹೇಗಿದೆ ಅಂತ ಕೇಳ್ತಾರಲ್ಲ ಅಂತ ಖುಷಿ ಪಡ್ತಿದ್ದೆ."

ಯಜಮಾನರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಏನೋ ಹೇಳಲು ಹೋದರು, ಅವಳು ಕೈ ಅಡ್ಡ ಹಿಡಿದಳು.

"ಚಿಕ್ಕಮ್ಮಾವ್ರಿಗೆ ಹೇಳಿದ್ರಾ? ಅವರಿಗೂ ಇರಬಹುದು ಅಂತ?"

"ಇನ್ನೂ ಇಲ್ಲ."

"ಅವರಿಗೆ ಹೇಳ್ದೆ ನಂಗೆ ಹೇಳೋಕೆ ಬಂದ್ರಾ? ನನ್ನ ಹತ್ರ ಹಗುರ ಆಗಿ ಹೋಗೋಣ ಅಂತ? ಏನೂ ಆಗದೆ ಇರೋಳ ಹತ್ರ ಕ್ಷಮೆ ಕೇಳೋದು ಸುಲಭ ಯಜಮಾನ್ರೆ. ಹೋಗಿ, ಮೊದ್ಲು ಆ ಹುಡುಗಿಗೆ ಹೇಳಿ. ಆಮೇಲೆ ನನ್ನ ವಿಷ್ಯ."

ಕೋಲನ್ನು ಗೋಡೆಗೆ ಒರಗಿಸಿ ಹೊರಟುಹೋದಳು. ಅರ್ಧ ಹಿಂಡಿದ ಲಡಿ ಗೂಟದಲ್ಲೇ ಉಳಿದು ಮಚ್ಚೆ ಮಚ್ಚೆಯಾಯಿತು. ಆ ಮನೆಯಲ್ಲಿ ನೂಲು ಹಾಗೆ ಕೆಟ್ಟದ್ದು ಹಿಂದೆಂದೂ ಇಲ್ಲ. ಮಾರನೆಯ ದಿನ ಅವಳು ಕೆಲಸಕ್ಕೆ ಬರಲಿಲ್ಲ.

ಯಜಮಾನರು ಚಿಕ್ಕವಳಿಗೆ ಫೋನು ಮಾಡಿದರು. ಶಾಲೆ ಬಿಟ್ಟವಳೇ ಓಡಿ ಬಂದಳು, ಅಂಗಳ ದಾಟಿದಳು, ಬಣ್ಣದ ಮನೆಯ ಬಾಗಿಲಲ್ಲಿ ಅಭ್ಯಾಸಬಲದಿಂದ ನಿಂತುಬಿಟ್ಟಳು.

"ಏನಪ್ಪಾ, ಅರ್ಜೆಂಟು ಅಂದೆ? ಅಮ್ಮ ಹುಷಾರಾಗಿದಾಳಾ?"

"ಎಲ್ಲ ಹುಷಾರು. ಒಳಗೆ ಬಾ."

"ಒಳಗಾ?" ಅವಳು ಅಪ್ಪನ ಮುಖವನ್ನೂ ಹೊಸ್ತಿಲನ್ನೂ ನೋಡಿದಳು. "ತಮಾಷೆ ಮಾಡ್ತಿದೀಯಾ?"

"ಇಲ್ಲ ಮಗಳೆ. ಬಾ, ಏನೂ ಆಗಲ್ಲ. ಯಾವತ್ತೂ ಏನೂ ಆಗ್ತಿರ್ಲಿಲ್ಲ."

ಅವಳು ಬರಲಿಲ್ಲ. ಯಜಮಾನರೇ ಎದ್ದು ಹೋಗಿ ಹೊಸ್ತಿಲ ಮೇಲೆ ಕೂತರು. ಮೊಣಕಾಲ ಮೇಲೆ ನೀಲಿ ಕೈಗಳನ್ನು ಇಟ್ಟುಕೊಂಡು ಹೇಳಿದರು.

"ಅಜ್ಜಿ ಸತ್ತಿದ್ದು ಬಣ್ಣದಿಂದ ಅಲ್ಲ. ಅತ್ತೇರಿಬ್ರೂ ಸತ್ತಿದ್ದೂ ಅದರಿಂದ ಅಲ್ಲ. ಅಕ್ಕ ತೊಟ್ಟಿಗೆ ಕೈ ಹಾಕಿದ್ದಕ್ಕೆ ಅವಳಿಗೆ ಬರ್ಲಿಲ್ಲ. ಅದು ನಮ್ಮಮ್ಮನಿಂದ ನಂಗೆ ಬಂದಿತ್ತು. ನನ್ನಿಂದ ಅಕ್ಕಂಗೆ ಹೋಗಿದೆ. ನಿಂಗೂ ಹೋಗಿರಬಹುದು, ಹೋಗದೇನೂ ಇರಬಹುದು. ಅಮ್ಮಂದು ಪರೀಕ್ಷೆ ಆಯ್ತು, ಅವಳಲ್ಲಿ ಇಲ್ಲ. ಆವತ್ತು ಡಾಕ್ಟರಮ್ಮನ ಮುಂದೆ ನೀನು 'ಅಲ್ವೇನಪ್ಪ' ಅಂದಾಗ ನಂಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ತಲೆ ಆಡಿಸ್ದೆ. ನಿನ್ನ ಹತ್ರ ಕೆಟ್ಟವನಾಗೋಕೆ ಧೈರ್ಯ ಬರ್ಲಿಲ್ಲ."

ಚಿಕ್ಕವಳು ಕೊರಳ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಅಕ್ಕಂಗೆ ಬಂದಾಗ ನಾನು ಏನಂದ್ಕೊಂಡೆ ಗೊತ್ತಾ ಅಪ್ಪಾ?" ಎಂದಳು. "ಬಾಯಿಬಿಟ್ಟು ಹೇಳ್ಲಿಲ್ಲ, ಮನಸಲ್ಲೇ ಅಂದ್ಕೊಂಡೆ. ನೀನೇ ಮಾಡ್ಕೊಂಡಿದ್ದು, ಅನುಭವಿಸು ಅಂತ. ಅವಳು ವಾಂತಿ ಮಾಡ್ತಾ ಕೂತಿದ್ದಾಗ ಬೆನ್ನು ಸವರ್ತಾ ಸವರ್ತಾ ಹಾಗೆ ಅಂದ್ಕೊಂಡೆ. ನೀನು ಹೇಳಿಕೊಟ್ಟ ಮಾತು ಅದು."

"ಹೌದು. ನಂದೇ ತಪ್ಪು."

"ಪರೀಕ್ಷೆ ಮಾಡಿಸ್ಕೋ ಅಂತೀಯಾ ಈಗ?"

"ಅದು ನಿನ್ನಿಷ್ಟ. ಮಾಡಿಸ್ಕೋ ಅನ್ನಲ್ಲ, ಬೇಡ ಅನ್ನಲ್ಲ. ನನ್ನ ಮಾತು ನಂಬ್ಕೊಂಡು ಮಾತ್ರ ಬೇಡ ಅನ್ಬೇಡ."

ಅವಳು ತಿರುಗಿ ನಡೆದಳು. ನಡೆದೇ ಹೋದಳು, ಓಡಲಿಲ್ಲ. ಮಾರನೆಯ ಬೆಳಗ್ಗೆ ಅವಳ ಬೂಟಿನ ಸದ್ದು ಬೀದಿಯಲ್ಲಿ ಕೇಳಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ಅಕ್ಕನ ಮನೆಗೆ ಹೋಗಿ ಅವಳ ತೊಡೆಯ ಮೇಲೆ ತಲೆಯಿಟ್ಟು ಅತ್ತಳು ಎಂಬ ಸುದ್ದಿ ಹೆಂಡತಿಯ ಮೂಲಕ ಬಂತು. ಇಬ್ಬರೂ ಏನು ಮಾತಾಡಿಕೊಂಡರೋ, ಅದು 'ಅಕ್ಕತಂಗೇರ ವಿಷ್ಯ, ನಿಮಗ್ಯಾಕೆ' ಎಂದು ಹೆಂಡತಿ ಬಾಯಿ ಮುಚ್ಚಿಸಿದಳು.

ಕೋಲಮ್ಮ ಆ ವಾರವೇ ವಾಪಸು ಬಂದಳು. "ನಿಮಗೋಸ್ಕರ ಬಂದಿಲ್ಲ. ತೊಟ್ಟಿ ಹಾಳಾಗುತ್ತೆ ಅಂತ ಬಂದೆ" ಎಂದಳು. ಮೊದಲಿನ ಹಾಗೆ ನಗಲಿಲ್ಲ. ಯಜಮಾನರು ಮೈ ಹುಷಾರಿದೆಯಾ ಎಂದು ಕೇಳಲು ಬಾಯಿ ತೆರೆದು ಮತ್ತೆ ಮುಚ್ಚಿಕೊಂಡರು. ರಜೆಯ ದಿನ ದೊಡ್ಡವಳು ಬಂದು ಗ್ಲೌಸು ಹಾಕಿಕೊಂಡು ಕೋಲಮ್ಮನ ಪಕ್ಕ ನಿಂತಳು. ಲಡಿ ಮೇಲೆತ್ತಿ ಗಾಳಿಗೆ ಹಿಡಿದು, "ಇನ್ನೊಂದು ಅದ್ದು ಬೇಕು ಅಲ್ವಾ?" ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು. ಯಜಮಾನರು ಅಂಗಳಕ್ಕೆ ಎದ್ದು ಹೋದರು.

ಆಮೇಲೆ ಒಂದು ಬೆಳಗ್ಗೆ ಚಿಕ್ಕವಳು ಬಾಗಿಲಲ್ಲಿ ನಿಂತಿದ್ದಳು.

"ನಡಿ ಅಪ್ಪಾ."

"ಎಲ್ಲಿಗೆ?"

"ಆಸ್ಪತ್ರೆಗೆ. ನಿಂದೂ ರಕ್ತ ಕೊಡ್ಬೇಕಂತೆ ಅಲ್ವಾ. ನಾನೊಬ್ಳೇ ಹೋಗಲ್ಲ."

ಅಪ್ಪ ಮಗಳು ಅಕ್ಕಪಕ್ಕದ ಕುರ್ಚಿಗಳಲ್ಲಿ ಕೂತು ತೋಳು ಚಾಚಿದರು. ಮಗಳದು ಬೇಗ ಆಯಿತು. ಯಜಮಾನರ ತೋಳು ಹಿಡಿದ ನರ್ಸು ಅತ್ತಿತ್ತ ಒತ್ತಿ ನೋಡಿ ಸೋತಳು. "ಅಜ್ಜಾ, ಇದರಲ್ಲಿ ನರ ಯಾವ್ದು, ಬಣ್ಣ ಯಾವ್ದು?" ಎಂದಳು. ಚಿಕ್ಕವಳು ಕಿಸಕ್ಕನೆ ನಕ್ಕಳು. ಎಷ್ಟೋ ದಿನದ ಮೇಲೆ ಕೇಳಿದ ನಗು ಅದು. ಅದನ್ನು ಕೇಳಿದ ಯಜಮಾನರಿಗೆ ಸೂಜಿ ಚುಚ್ಚಿದ್ದು ಗೊತ್ತೇ ಆಗಲಿಲ್ಲ.

ಕಾಯುವ ದಿನಗಳು ಹೇಗೆ ಕಳೆದವೋ ಯಜಮಾನರಿಗೇ ಗೊತ್ತು. ಒಮ್ಮೆ ತೊಟ್ಟಿಗೆ ಸುಣ್ಣ ಹೆಚ್ಚು ಹಾಕಿಬಿಟ್ಟರು, ಕೋಲಮ್ಮ ನೋಡಿಯೂ ಬೈಯಲಿಲ್ಲ. ಅವಳಿಗೂ ಭಯವಿತ್ತು. ಹೊಸ್ತಿಲಾಚೆ ಕಾಲು ಮಡಚಿ ಕೂತಿರುತ್ತಿದ್ದ ಆ ಹುಡುಗಿಯನ್ನು ಅವಳೂ ನೋಡುತ್ತ ಬೆಳೆಸಿದ್ದಳು.

ಫಲಿತಾಂಶದ ದಿನ ಡಾಕ್ಟರಮ್ಮ ಸುತ್ತಿ ಬಳಸಲಿಲ್ಲ. ಯಜಮಾನರಲ್ಲಿ ಇದೆ, ನಿರೀಕ್ಷಿಸಿದ್ದೇ. ಚಿಕ್ಕವಳಲ್ಲೂ ಇದೆ.

ಯಜಮಾನರಿಗೆ ಮುಂದಿನ ಮಾತುಗಳು ಎಲ್ಲೋ ಬಾವಿಯೊಳಗಿಂದ ಬಂದ ಹಾಗೆ ಕೇಳಿಸಿದವು. ಚಿಕ್ಕವಳಿಗೆ ರಕ್ತದ ಜೊತೆಗೇ ಮಾಡಿಸಿದ ಸ್ಕ್ಯಾನಿನಲ್ಲಿ ಕಾಯಿಲೆಯ ಗುರುತೇನೂ ಕಂಡಿಲ್ಲ. ಇದು ಕಾಯಿಲೆಯಲ್ಲ, ಬರುವ ಸಾಧ್ಯತೆ ಹೆಚ್ಚಿದೆ ಎಂಬುದಷ್ಟೇ. ತಪ್ಪದೆ ಸ್ಕ್ಯಾನ್ ಮಾಡಿಸುತ್ತ ಕಣ್ಣಿಟ್ಟಿರಬಹುದು, ಆಪರೇಷನ್ ಮಾಡಿಸಿಕೊಂಡು ಅಪಾಯವನ್ನು ಬಹಳಷ್ಟು ತಗ್ಗಿಸಬಹುದು. ಅಂಡಾಶಯದ್ದನ್ನು ಸ್ಕ್ಯಾನಿನಲ್ಲಿ ಬೇಗ ಹಿಡಿಯುವುದು ಕಷ್ಟ, ಅದರ ಬಗ್ಗೆ ಬೇಗ ಯೋಚಿಸಬೇಕು. ಯಾವುದನ್ನೂ ಇವತ್ತೇ ತೀರ್ಮಾನಿಸಬೇಕಾಗಿಲ್ಲ. ಚಿಕ್ಕವಳು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು, ಪಂದ್ಯಕ್ಕೆ ಮುಂಚೆ ನಿಯಮ ಕೇಳುವವಳ ಹಾಗೆ, ಒಂದೊಂದನ್ನೇ ಕೇಳಿ ತಿಳಿದುಕೊಂಡಳು. ಆಪರೇಷನ್ ಆದರೆ ಮತ್ತೆ ಯಾವಾಗ ಓಡಬಹುದು ಎಂದು ಕೂಡ ಕೇಳಿದಳು. ಕೊನೆಗೆ ತನ್ನ ಮಗಳ ವಿಷಯ ಕೇಳಿದಳು. ಅವಳಿಗೆ ಈಗ ಪರೀಕ್ಷೆ ಬೇಡ, ದೊಡ್ಡವಳಾದ ಮೇಲೆ ಅವಳೇ ತೀರ್ಮಾನಿಸುತ್ತಾಳೆ ಎಂದರು ಡಾಕ್ಟರಮ್ಮ.

ಹೊರಗೆ ಬಂದ ಮೇಲೆ ಯಜಮಾನರು ಕಾರಿಡಾರಿನ ಬೆಂಚಿನ ಮೇಲೆ ಕೂತರು. ಕೂತವರೇ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. "ನಿಂಗೆ ಮನೆ ಕೊಡ್ಲಿಲ್ಲ, ಒಡವೆ ಕೊಡ್ಲಿಲ್ಲ. ಕೊಟ್ಟಿದ್ದು ಇದೊಂದು" ಎಂದು ಬಿಕ್ಕಿದರು. ಹೋಗುವವರು ಬರುವವರು ತಿರುಗಿ ನೋಡಿದರು. ಚಿಕ್ಕವಳು ಪಕ್ಕದಲ್ಲಿ ಕೂತಳು. ಅವಳ ಕಣ್ಣಲ್ಲೂ ನೀರಿತ್ತು, ಸಮಾಧಾನ ಮಾಡುವ ಶಕ್ತಿ ಅವಳಿಗೂ ಆ ಹೊತ್ತಿನಲ್ಲಿ ಇರಲಿಲ್ಲ. ಅವರು ಅತ್ತು ಮುಗಿಸುವವರೆಗೆ ಕಾದಳು.

"ಅಜ್ಜಿಗೆ ಯಾರೂ ಹೇಳಿರ್ಲಿಲ್ಲ" ಎಂದಳು ಆಮೇಲೆ. "ಅತ್ತೇರಿಗೂ ಯಾರೂ ಹೇಳಿರ್ಲಿಲ್ಲ. ನಂಗೆ ನೀನು ಹೇಳ್ದೆ."

"ತಡವಾಗಿ ಹೇಳ್ದೆ."

"ತಡವಾಗೇ ಹೇಳ್ದೆ. ಅದಕ್ಕೆ ನಂಗೆ ಇನ್ನೂ ಸಿಟ್ಟಿದೆ, ಹೋಗೋಕೆ ದಿನ ಬೇಕು." ಅವಳು ಅಪ್ಪನ ಕೈಯನ್ನು ಮುಖದಿಂದ ಇಳಿಸಿ ತನ್ನ ಎರಡು ಕೈಗಳ ನಡುವೆ ಹಿಡಿದುಕೊಂಡಳು. "ಆದ್ರೆ ಒಂದಿನ ನಾನೂ ನನ್ನ ಮಗಳ ಮುಂದೆ ಹೀಗೇ ಕೂತು ಹೇಳ್ಬೇಕು ಅಪ್ಪಾ. ನನ್ನಿಂದ ನಿಂಗೂ ಬಂದಿರಬಹುದು ಅಂತ. ಆವತ್ತು ನೀನೂ ನನ್ನ ಪಕ್ಕ ಇರ್ಬೇಕು. ಅಲ್ಲೀವರೆಗೂ ಗಟ್ಟಿಯಾಗಿರು."